ಎರಡು ಚೀಲ ಸುಣ್ಣ

ಕಪ್ಪತಗುಡ್ಡದ ಕೆಳಮಗ್ಗುಲಲ್ಲಿ, ಹಳೇ ಚಿನ್ನದ ಗಣಿಯ ಬಾಯಿಂದ
ಬೆರಳುದಪ್ಪ ನೀರು ಸೋರುತ್ತದೆ, ತುಕ್ಕಿನ ಬಣ್ಣದ್ದು.
ಸೋರಿ ಸೋರಿ ಒಂದು ಜವುಗು,
ನಾಲ್ಕು ಎತ್ತು ಮಲಗುವಷ್ಟು.
ಮೇಲೆ ಆಪುಹುಲ್ಲು, ಕೆಳಗೆ ಕಾಲು ನುಂಗುವ ಕರಿ ರಾಡಿ.
ಕುರಿ ಬಂದು ಮೂಸುತ್ತವೆ, ತುಟಿ ಎತ್ತಿ ಹೊರಳುತ್ತವೆ.

ನಾನು ಮುಂಡರಗಿ ಕಾಲೇಜಿನಲ್ಲಿ
ಇಪ್ಪತ್ತೆಂಟು ವರ್ಷ ಕೆಮಿಸ್ಟ್ರಿ ಲ್ಯಾಬಿನ ಬಾಗಿಲು ತೆಗೆದವನು.
ಮೇಷ್ಟ್ರಲ್ಲ, ಬಾಟಲಿ ತೊಳೆಯುವವ.
ರಿಟೈರಾದರೂ ಕಿಸೆಯಲ್ಲಿ ಲಿಟ್ಮಸ್ ಕಾಗದ,
ಬೇರೆಯವರ ಕಿಸೆಯಲ್ಲಿ ಅಡಿಕೆಚೂರು ಇದ್ದ ಹಾಗೆ.
ಅದ್ದಿದೆ. ನೀಲಿ ಹೋಗಿ ಕುಂಕುಮವಾಯಿತು.
‘ಏನಂತೈತಿ ಕಾಗದಾ?’ ಅಂದ ಕಳಕಪ್ಪ.
‘ಹುಳಿ ಅಂತೈತಿ. ಎರಡು ಚೀಲ ಸುಣ್ಣ ಸುರುವಿದರ
ನಿನ್ನ ಕುರಿ ಕುಡೀತಾವ ನೋಡು.’
ಜೀವಮಾನದಲ್ಲಿ ಒಮ್ಮೆ ನಾನು ಪಾಠ ಹೇಳಿದ್ದು.
ಪಂಚಾಯ್ತಿ ಕೂಡ ಕೇಳಿತು.
ಚೀಲ ಬಂದವು.

ಅಷ್ಟರಲ್ಲಿ ಧಾರವಾಡದಿಂದ ಮುಮ್ತಾಜ್ ನದಾಫ್ ಬಂದಳು,
ಮೊಣಕಾಲತನಕ ಗಮ್‌ಬೂಟು, ಕೈಯಲ್ಲಿ ಚಹಾ ಸೋಸುವ ಜರಡಿ.
ರಾಡಿ ಸೋಸಿ ನನ್ನ ಅಂಗೈಯಲ್ಲಿ ಇಟ್ಟಳು
ಒಂದು ಕೊಳಕು. ಅವರೆಕಾಳಿನಷ್ಟು.
ಅದಕ್ಕೆ ಆರು ಕಾಲಿದ್ದವು.
‘ಏರೋಪ್ಲೇನ್ ಚಿಟ್ಟಿ ಮರಿ, ಕಾಕಾ. ನಾಕು ವರ್ಷ ಹಿಂಗ ಕೆಸರಾಗ.
ಸಿಹಿನೀರಾಗ ಇದನ್ನ ತಿನ್ನಾವು ಭಾಳ,
ಈ ಹುಳ್ಯಾಗ ಯಾವೂ ಬರಂಗಿಲ್ಲ.’
‘ಬ್ಯಾರೆ ಎಲ್ಲೆಲ್ಲಿ ಐತಿ?’
ಅವಳು ವಹಿಯ ಹಾಳೆ ಮಗುಚಿದಳು, ಮಗುಚಿದಳು.
‘ಇನ್ನೂ ಎಲ್ಲೂ ಸಿಕ್ಕಿಲ್ಲ.’

ಮರುದಿನ ಕತ್ತಲಿರುವಾಗಲೇ ಹೋಗಿ ಕೂತೆವು.
ಆಪಿನ ದಂಟಿಗೆ ಹತ್ತಿ ಅದು ಸುಮ್ಮನಿತ್ತು, ಸತ್ತಂತೆ.
ಬೆನ್ನು ಸೀಳಿತು.
ಒಳಗಿನದು ತಲೆಕೆಳಗಾಗಿ ಜೋತುಬಿತ್ತು,
ಅರ್ಧ ತಾಸು, ನಾಚಿಕೆಯಿಲ್ಲದೆ, ಮೆತ್ತಗೆ.
ರೆಕ್ಕೆ ತೊಯ್ದ ಫಿಲ್ಟರ್ ಪೇಪರು.
ಬಿಸಿಲು ತಾಗಿದಂತೆ ಮೈಗೆ ಮೈಲುತುತ್ತದ ಬಣ್ಣ ಏರಿತು,
ಬಾಟಲಿ ತಳದಲ್ಲಿ ಹರಳು ಕಟ್ಟುವಾಗಿನ ಆ ನೀಲಿ.
ನನ್ನ ಕಾಗದ ನೀಲಿಯಿಂದ ಕೆಂಪಿಗೆ ಹೋಗುತ್ತದೆ ಈ ನೀರಲ್ಲಿ.
ಇದು ಕೆಂಪಿನಿಂದ ನೀಲಿಗೆ ಬಂತು.
ಹಾರಿತು. ಖಾಲಿ ಪೊರೆ ದಂಟಿನ ಮೇಲೆ ಉಳಿಯಿತು,
ಅಂಗಿ ಕಳಚಿಟ್ಟು ಈಜಲು ಹೋದವರದ್ದಿದ್ದಂತೆ.

ಕಳಕಪ್ಪನಿಗೆ ನಾನೇ ಹೇಳಬೇಕಾಯಿತು.
ಕಂಬಳಿ ಹೆಗಲು ಬದಲಿಸಿ ಕೇಳಿದ:
‘ಒಂದು ಹುಳದ ಸಲುವಾಗಿ
ನನ್ನ ನೂರಾಹತ್ತು ಕುರಿ ಇನ್ನೊಂದು ಗುಡ್ಡ ಏರಬೇಕೇನು?’
ನನ್ನ ಹತ್ತಿರ ಇದ್ದದ್ದು ಬರೀ ಲಿಟ್ಮಸ್ಸು.
ಅವನು ಕುರಿ ಹೊಡೆದುಕೊಂಡು ಹೊರಟ.
ತಿರುವಿನಲ್ಲಿ ನಿಂತು ಕೂಗಿದ:
‘ಅದಕ್ಕ ಹೆಸರರ ಐತೇನೋ?’
‘ಇನ್ನೂ ಇಟ್ಟಿಲ್ಲ.’
‘ಥೂ ನಿನ್ನ. ಹೆಸರಿಲ್ಲದವರಿಗೆ ನೀರು ಬಿಟ್ಟಂಗಾತು.’

ಸುಣ್ಣದ ಚೀಲ ಪಂಚಾಯ್ತಿ ಕಟ್ಟೆಯ ಮೇಲೆಯೇ ಉಳಿದವು.
ಎರಡು ಮಳೆಗಾಲಕ್ಕೆ ಕಲ್ಲಾದವು.
ಈಗ ಎಲ್ಲರೂ ಅವುಗಳ ಮೇಲೆ ಕೂತು ಚಹಾ ಕುಡಿಯುತ್ತಾರೆ.
ಕಳಕಪ್ಪ ಮಾತ್ರ
ನಿಂತೇ ಕುಡಿಯುತ್ತಾನೆ.