ಒಣಗುವುದಲ್ಲ

ಸಿಮೆಂಟು ಒಣಗಿತಾ ಎಂದೇ ಕೇಳುತ್ತಾರೆ ಎಲ್ಲರೂ,
ಮೊನ್ನೆ ತಾರಸಿಗೆ ತೇಪೆ ಹಾಕಿಸಿದಾಗ ನಮ್ಮತ್ತೆ ಕೂಡ.
ಒಣಗುವುದಲ್ಲ ಅತ್ತೆ, ಅದು ಕುಡಿಯುವುದು.
ಕುಡಿದ ನೀರನ್ನೇ ಕಲ್ಲು ಮಾಡಿಕೊಳ್ಳುವುದು.
ಒಣಗಿಸಿದಿರೋ, ಕೆಟ್ಟಿತು.
ಅವರು ಕೊಡ ಕೆಳಗಿಟ್ಟು ಸೊಂಟ ಹಿಡಿದು ಅಂದರು:
'ಸೋರಿದ್ದೆಲ್ಲ ಕುಡಿದಿದ್ದರೆ ಬಕೆಟ್ಟು ಯಾಕೆ ಇಡ್ತಿದ್ದೆ ನಾನು?'

ಪೀಣ್ಯ ಎರಡನೇ ಹಂತ. ರಾತ್ರಿ ಹನ್ನೊಂದು.
ಐದು ಗ್ರಾಂ ಬೂದುಹಿಟ್ಟು, ಎರಡು ಗ್ರಾಂ ನೀರು.
ಕಲಸಿದೊಡನೆ ಜ್ವರದ ಮಗುವಿನ ಹಣೆಯಂತೆ ಬಿಸಿ,
ಪರದೆಯ ಮೇಲೆ ಗೆರೆ ಜಿಗಿಯುತ್ತದೆ.
ಆಮೇಲೆ ಏನೂ ಇಲ್ಲ.
ಎರಡು ಗಂಟೆ, ಒಮ್ಮೊಮ್ಮೆ ಮೂರು,
ಗೆರೆ ನೆಲ ಹಿಡಿದು ಮಲಗಿಬಿಡುತ್ತದೆ.
ಯಾಕೆಂದರೆ ಬಲ್ಲವರಲ್ಲೇ ಜಗಳ:
ಕಣದ ಮೈಗೆ ತೆಳ್ಳನೆ ಪೊರೆ ಕಟ್ಟುತ್ತದೆ ಎಂದು ಒಬ್ಬರು,
ಪೊರೆಯೂ ಇಲ್ಲ ಗಿರೆಯೂ ಇಲ್ಲ,
ಸುಣ್ಣ ತಿಂದ ನೀರೇ ಹೊಟ್ಟೆ ತುಂಬಿ ಕೂತಿದೆ ಎಂದು ಇನ್ನೊಬ್ಬರು.
ಹನ್ನೊಂದು ವರ್ಷದಿಂದ ನನಗೆ ಸಂಬಳ
ಈ ಏನೂ ಆಗದ ಹೊತ್ತಿಗೆ.

ಆ ಹೊತ್ತು ಇರದಿದ್ದರೆ ಈ ಊರು ಎಲ್ಲಿ ಏಳುತ್ತಿತ್ತು?
ಗೊರಗುಂಟೆಪಾಳ್ಯದ ಜಾಮಿನಲ್ಲಿ ಸಿಕ್ಕಿದ ಮಿಕ್ಸರ್ ಲಾರಿ
ಹೊಟ್ಟೆ ತಿರುಗಿಸುತ್ತ ನಿಂತಿದೆ,
ಡ್ರೈವರು ಇಳಿದು ಟೀ ಹೀರುತ್ತಿದ್ದಾನೆ,
ಮೆಟ್ರೋ ಕಂಬದ ಕಬ್ಬಿಣದ ಪಂಜರ ಬಾಯ್ತೆರೆದು ಕಾದಿದೆ.
ಎಲ್ಲರೂ ಆ ಮೌನದ ಸಾಲಗಾರರು.

ನಮ್ಮಲ್ಲಿ ಕ್ಯೂಬು ಒಡೆಯುವವನು ಪಿಳ್ಳಪ್ಪ.
ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ.
ಅವನ ತಾತ ಬಳೇಪೇಟೆಯ ಹಿಂದೆ ಗಾರೆಗಾಣ ಹೊಡೆಯುತ್ತಿದ್ದನಂತೆ,
ಸುಣ್ಣ ಹದಕ್ಕೆ ಬಂದರೆ ಎತ್ತೇ ನಿಲ್ಲುತ್ತಿತ್ತಂತೆ.
'ನಿಮ್ಮ ಮಿಷನ್ನಿಗೆ ಅಷ್ಟು ಗೊತ್ತಾ ಮೇಡಂ?'

ಈ ಮಂಗಳವಾರ ತೊಟ್ಟಿ ತೊಳೆಯುವಾಗ
ತಳದ ಬಿಳಿ ಕೆಸರಿನಲ್ಲಿ ಅವನ ಕೈಗೆ ತಗುಲಿತು ಒಂದು ಕ್ಯೂಬು,
ಮೈಮೇಲೆ ಮೊಳೆಯಲ್ಲಿ ಗೀಚಿದ ಅಕ್ಷರ:
ಚಿ. ರಂ. ೧೭-೬-೮೯.
ಚಿಕ್ಕರಂಗಯ್ಯನವರು. ನಾನು ಸೇರುವ ಮೊದಲೇ ತೀರಿಕೊಂಡಿದ್ದರು.
ಯಾವ ರಿಜಿಸ್ಟರಿನಲ್ಲೂ ಇದರ ಲೆಕ್ಕವಿಲ್ಲ.
ಯಾರೋ ಎತ್ತಿಕೊಳ್ಳಲು ಬರುತ್ತಾರೆಂದು
ಇಷ್ಟು ವರ್ಷ ನೀರೊಳಗೆ ಕೂತಿದೆ.

ಒಡೆಯೋಣ ಎಂದೆ. ಪಿಳ್ಳಪ್ಪ ಸ್ವಲ್ಪ ತಡೆದ,
ಒರಸಿದ, ಪ್ರೆಸ್ಸಿನ ದವಡೆಗೆ ಇಟ್ಟ.
ಮುಳ್ಳು ನಲವತ್ತು ದಾಟಿತು, ಐವತ್ತು ದಾಟಿತು,
ಇಬ್ಬರೂ ಮಾತಾಡಲಿಲ್ಲ.
ಎಪ್ಪತ್ತೊಂದಕ್ಕೆ,
ದೂರದಲ್ಲೆಲ್ಲೋ ಬಾಗಿಲು ಮುಚ್ಚಿದ ಹಾಗೆ.

ಚೂರೊಂದನ್ನು ಉಜ್ಜಿ, ಹೊಳಪಿಸಿ, ಸೂಕ್ಷ್ಮದರ್ಶಕಕ್ಕೆ ಇಟ್ಟೆ.
ಗಟ್ಟಿ ಬೂದಿಯ ಕಾಡಿನ ನಡುವೆ ಒಂದೇ ಒಂದು ಕಣ,
ಅಂಚು ಸವೆದಿದೆ, ಒಳಗು ಹಾಗೇ ಇದೆ,
ನಿನ್ನೆ ಗೂಡಿನಿಂದ ಬಿದ್ದ ಹಾಗೆ ಬೆಳ್ಳಗೆ.
ಅಷ್ಟು ನೀರಿನೊಳಗಿದ್ದೂ ನೀರು ಮುಟ್ಟಿಲ್ಲ.
ಪಿಳ್ಳಪ್ಪನಿಗೂ ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

ಒಡೆದದ್ದೆಲ್ಲ ಹೋಗುವುದು ಹಿಂಬದಿಯ ರಾಶಿಗೆ.
ಅವನು ಚೂರುಗಳನ್ನು ಬಾಂಡಲಿಗೆ ಬಳಿದು
ತೊಟ್ಟಿಯ ಕಡೆ ನಡೆದ, ಒಂದೊಂದನ್ನೇ ಇಳಿಬಿಟ್ಟ.
'ಇನ್ನೂ ಕುಡಿಯೋದು ಬಾಕಿ ಇದೆಯಲ್ಲ' ಅಂದ.

ರಿಜಿಸ್ಟರು ತೆರೆದು ಕೂತಿದ್ದೇನೆ.
ಮೂರು, ಏಳು, ಇಪ್ಪತ್ತೆಂಟು.
ಇದಕ್ಕೆ ಕಾಲಂ ಇಲ್ಲ.