ಮೂರನೇ ಬೇಸಿನ ಪಕ್ಕ

ಸಿಪ್ರಿಯನ್ ಸೆರಾವೊ, ಸಹಾಯಕ ಕೋಚ್.
ಜೂನಿನಿಂದ ಮಾರ್ಚಿನವರೆಗೆ ಆರ್ಡರು,
ಹತ್ತೊಂಬತ್ತನೇ ಸಲವೂ ತಾತ್ಕಾಲಿಕ.

ಸುಣ್ಣದ ಗೆರೆ ಎಳೆಯುವುದು ಇವರೇ,
ಬಾಲಿನ ಹೊಲಿಗೆ ಬಿಟ್ಟರೆ
ಹಂಪನಕಟ್ಟೆಯ ಚಪ್ಪಲಿಯವನ ಮುಂದೆ ಕೂತು ಹೊಲಿಸುವುದೂ.
ಕಪ್ ಬಂದ ವರ್ಷ ಫೋಟೋ ತೆಗೆದದ್ದೂ ಇವರೇ;
ಹಾಗಾಗಿ ಆ ಫೋಟೋದಲ್ಲಿ ಇಲ್ಲ.

ಆಟ ನಡೆವಾಗ ಮೂರನೇ ಬೇಸಿನ ಪಕ್ಕ ನಿಂತು
ಬಲಗೈ ಗಿರಗಿರ ತಿರುಗಿಸುತ್ತಾರೆ:
ಬಲಿಪು ಮಾರಾಯಾ, ನಿಲ್ಲಬೇಡ!
ಬೇಲಿಯಾಚೆ ಕ್ರಿಕೆಟ್ಟಿನ ಹುಡುಗರಿಗೆ ನಗು.

ನಿನ್ನೆ ಸೋತು, ಬ್ಯಾಟಿನ ಚೀಲ ಹೊತ್ತು
ಜ್ಯೋತಿಯಲ್ಲಿ ರಸ್ತೆ ದಾಟುವಷ್ಟರಲ್ಲಿ
ಹದಿನೈದು ನಂಬರ್ ಹೊರಟೇ ಬಿಟ್ಟಿತ್ತು.
ಫುಟ್‌ಬೋರ್ಡಿನಲ್ಲಿ ಕಂಡಕ್ಟರ್ —
ಯಾವ ವರ್ಷದ ಕ್ಯಾಚರೋ, ಹೆಸರು ನೆನಪಾಗಲಿಲ್ಲ —
ಬಾಯಲ್ಲಿ ವಿಸಿಲ್, ಹೊರಗೆ ಚಾಚಿದ ಬಲಗೈ
ಗಿರಗಿರ, ಗಿರಗಿರ.

ಸೆರಾವೊ ಓಡಿದರು.