ಕೊನೆಯ ದೋಣಿಗೂ ಮೊದಲ ದೋಣಿಗೂ ನಡುವೆ

ಒಂದು ಕಾಲಂ ತಾನೇ ಮ್ಯುಜ್ಗಾನ್,
ಅಗಲ ಮಾಡಿಬಿಡಿ, ಅಂದರು ನಿರ್ದೇಶಕರು,
ಅಂಗಿಯ ತೋಳು ಬಿಚ್ಚಿ ಹೊಲಿಸುವವರ ಹಾಗೆ.

ನಿಜ, ಬರೆದರೆ ಒಂದೇ ಸಾಲು,
ಕೊನೆಗೊಂದು ಅರ್ಧವಿರಾಮ.
ಕಿರುಬೆರಳಿಗೂ ಆಯಾಸವಿಲ್ಲ.

ಆದರೆ ಸ್ವಾಮಿ, ಈ ಕೋಷ್ಟಕದಲ್ಲಿ
ಇಸ್ತಾಂಬುಲಿನ ದೋಣಿಕಟ್ಟೆಗಳ ಗೇಟಿಗೆ
ಕಾರ್ಡು ತಾಗಿದಾಗಿನ ಒಂದೊಂದು ಟಿಣ್ ಕೂಡ ಒಂದು ಸಾಲು.
ಹತ್ತೊಂಬತ್ತು ವರ್ಷದ ಟಿಣ್.
ಪರೀಕ್ಷೆಗೆ ತಡವಾದವರದು,
ಮೀನಿನ ಬುಟ್ಟಿಯನ್ನು ಮೊಣಕಾಲಿಂದ ತಳ್ಳುತ್ತ ಬಂದವರದು,
ಅವಸರಕ್ಕೆ ಎರಡು ಸಲ ಒತ್ತಿ
ಎರಡು ಸಲ ಕಾಸು ಕಳೆದುಕೊಂಡವರ ಟಿಣ್ ಟಿಣ್.

ಸಾಲಿಗೊಂದು ಸಂಖ್ಯೆ. ಸಂಖ್ಯೆಗೆ ನಾಲ್ಕು ಬೈಟಿನ ಗೂಡು.
ಆ ಗೂಡಿನಲ್ಲಿ ಹಿಡಿಯುವುದು
ಇನ್ನೂರ ಹದಿನಾಲ್ಕು ಕೋಟಿ
ಎಪ್ಪತ್ತನಾಲ್ಕು ಲಕ್ಷ
ಎಂಬತ್ತಮೂರು ಸಾವಿರದ
ಆರುನೂರ ನಲವತ್ತೇಳು.
ಅದರಾಚೆ ಒಂದೂ ಇಲ್ಲ.
ಆಮೇಲೆ ಬರುವವನು ದೋಣಿಯ ಮುಂದೆ ನಿಂತಿರುತ್ತಾನೆ,
ಕಾರ್ಡಿದೆ, ಕಾಸಿದೆ, ಅವನಿಗೆ ಅಂಕಿ ಇಲ್ಲ.
ಈಗಿನ ಓಟಕ್ಕೆ ಅದು
ಅಕ್ಟೋಬರಿನ ಮೂರನೇ ವಾರ.

ನಾಲ್ಕನ್ನು ಎಂಟು ಮಾಡುವುದೆಂದರೆ
ಗೋಡೆ ಒಡೆದು ಕೋಣೆ ಹಿಗ್ಗಿಸಿದಂತಲ್ಲ.
ಒಂದೊಂದು ಸಾಲನ್ನೂ ಎತ್ತಿ
ಬೇರೆ ಕಡೆ ಮತ್ತೆ ಬರೆಯಬೇಕು.
ಮುಗಿಯುವ ತನಕ ಹಳತೂ ಇರಬೇಕು, ಹೊಸತೂ ಇರಬೇಕು,
ಅಷ್ಟು ಹೊತ್ತೂ ಬಾಗಿಲಿಗೆ ಬೀಗ.
ನಕಲಿನ ಮೇಲೆ ಓಡಿಸಿ ನೋಡಿದೆ:
ಒಂಬತ್ತು ತಾಸು ಹನ್ನೆರಡು ನಿಮಿಷ.
ಕೊನೆಯ ದೋಣಿ ರಾತ್ರಿ ಒಂದಕ್ಕೆ.
ಮೊದಲನೆಯದು ಬೆಳಗಿನ ಆರಕ್ಕೆ.

ಹಾಗಾಗಿ ಬಳಸುದಾರಿ ಹಿಡಿದೆ.
ಮೊದಲಿಗೆ, ಹಳೆಯದರ ಪಕ್ಕ ಅಗಲದೊಂದು ಖಾಲಿ ಕಾಲಂ.
ಅದು ಬರೀ ಹೆಸರು ದಾಖಲಿಸುವ ಕೆಲಸ,
ರೆಪ್ಪೆ ಬಡಿಯುವುದರೊಳಗೆ ಮುಗಿಯುತ್ತದೆ
ಎಂಬ ಧೈರ್ಯದಲ್ಲಿ
ಗೇಟು ತೆರೆದಿದ್ದರೂ
ಐದು ಐವತ್ತೆಂಟಕ್ಕೆ ಗುಂಡಿ ಒತ್ತಿದೆ.

ಮುಗಿಯಲಿಲ್ಲ.

ಹಿಂದಿನ ಸಂಜೆ ತುಗ್ರುಲ್ ಎಂಬ ಹೊಸ ಹುಡುಗ
ವಿದ್ಯಾರ್ಥಿ ಪಾಸುಗಳನ್ನು ಎಣಿಸಲೆಂದು ತೆರೆದವನು
ಮುಚ್ಚದೆ ಮನೆಗೆ ಹೋಗಿದ್ದ.
ಓದುತ್ತಲೂ ಇರಲಿಲ್ಲ ಅವನು,
ಓದಿದ ಪುಟದ ಮೇಲೆ ಬೆರಳಿಟ್ಟು ನಿದ್ದೆಹೋದವರ ಹಾಗೆ, ಅಷ್ಟೇ.
ಆ ಬೆರಳು ಸರಿಯುವ ತನಕ ನನ್ನ ಆಜ್ಞೆ ಕಾಯಬೇಕು.
ನನ್ನ ಆಜ್ಞೆ ಕಾದರೆ
ಅದರ ಬೆನ್ನಿಗೆ ಬಂದವರೆಲ್ಲ ಕಾಯಬೇಕು.

ಕಾಡಿಕೋಯ್ ಕಟ್ಟೆಯಲ್ಲಿ ಟಿಣ್ ನಿಂತಿತು.
ಎಲ್ಲ ಗೇಟಿಗೂ ಕೆಂಪು ದೀಪ.
ಗೇಟು ಕಾಯುವ ಶಾಬಾನ್ ಫೋನಿನಲ್ಲಿ:
ಮಗಳೇ, ಇಲ್ಲಿ ಜನದ ಹೆಗಲ ಮೇಲೆ ಜನ.
ಒಂದು ನಿಮಿಷ, ಒಂದೇ ನಿಮಿಷ, ಎನ್ನುತ್ತ ನಾನು
ನೂರಾರು ಬೆರಳುಗಳ ನಡುವೆ
ತುಗ್ರುಲನ ಬೆರಳು ಹುಡುಕುತ್ತಿದ್ದೆ.
ಅವನು ಮತ್ತೆ ಕೇಳಲಿಲ್ಲ.
ಕೀಲಿ ತಿರುಗಿಸಿದ, ಅಡ್ಡಕಂಬಿ ಎತ್ತಿ ಹಿಡಿದ.
ಹೋದರು, ಎಲ್ಲರೂ.
ಹನ್ನೊಂದು ನಿಮಿಷ.

ಆಮೇಲಿನದು ಬೇಸರದ ಕತೆ.
ಹದಿನಾರು ರಾತ್ರಿ.
ಹತ್ತು ಸಾವಿರ ಸಾಲು, ಒಂದು ಉಸಿರು,
ಮತ್ತೆ ಹತ್ತು ಸಾವಿರ.
ನಕಲಿನ ಸರ್ವರು ಹಿಂದೆ ಬಿದ್ದರೆ ನಿಂತು ಕಾದೆ,
ಹೆಜ್ಜೆ ಕಲಿಯುವ ಮಗುವಿಗೆ ಕಾಯುವಂತೆ.
ಹದಿನೇಳನೆಯ ರಾತ್ರಿ ಹೆಸರು ಅದಲುಬದಲು.
ಅರ್ಧ ಸೆಕೆಂಡು.
ಯಾರಿಗೂ ಗೊತ್ತಾಗಲಿಲ್ಲ.
ಗೊತ್ತಾಗದಂತೆ ಮಾಡುವುದೇ ನನ್ನ ಕಸುಬು.

ತಗಲಿದ ವೆಚ್ಚ? ನಮೂನೆಯ ಕೊನೆಗೊಂದು ಚೌಕ.
ಡಿಸ್ಕಿನ ಬಾಡಿಗೆ ಬರೆದೆ, ರಾತ್ರಿಗಳನ್ನು ಬರೆದೆ.
ಉಳಿದದ್ದಕ್ಕೆ ಚೌಕ ಚಿಕ್ಕದಾಯಿತು.

ಈಗಲೂ ಒಮ್ಮೊಮ್ಮೆ
ಆ ಬೆಳಗನ್ನು ಕರೆದು ನೋಡುತ್ತೇನೆ.
ಐದು ಐವತ್ತೆಂಟರ ಸಾಲು,
ಕೆಳಗೇ ಆರು ಒಂಬತ್ತರ ಸಾಲು.
ಸಂಖ್ಯೆಗಳು ಒಂದರ ಹಿಂದೊಂದು,
ಕೂದಲು ತೂರುವಷ್ಟೂ ಸಂದಿಯಿಲ್ಲ.
ಆ ದೋಣಿ ಮಾತ್ರ ತುಂಬಿ ಹೋಗಿತ್ತು.

ಒಬ್ಬಾಕೆ, ವಯಸ್ಸಾದವಳು,
ಬೇಡ ಬೇಡವೆಂದರೂ ಶಾಬಾನನ ಅಂಗೈಗೆ ನಾಣ್ಯ ಹಾಕಿ
ಅವನ ಬೆರಳು ಮಡಿಸಿ ನಡೆದಳಂತೆ.
ಕಂಡಾಗಲೆಲ್ಲ
ಗಾಜಿನ ಗೂಡಿನ ಕಿಂಡಿಯಿಂದ ಅದನ್ನು ತೋರಿಸಿ ಕೇಳುತ್ತಾನೆ:
ಇದನ್ನು ಯಾವ ಸಾಲಿಗೆ ಹಾಕಲಿ, ಮಗಳೇ?